ಅರ್ಧಕ್ಕೆ ನಿಂತ ಹಾಡು

(ನಮ್ಮ ಬಡಾವಣೆಯ ಗ್ರಂಥಾಲಯದ ಮಹಡಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಗ್ರೀನ್ ಡೇ ಬ್ಯಾಂಡಿನ 'ಜೀಸಸ್ ಆಫ್ ಸಬರ್ಬಿಯಾ' ಹಾಡನ್ನು ನಿಲ್ಲಿಸಿ ನಿಲ್ಲಿಸಿ ಮಾತಾಡಿದ್ದೆ. ಓದುವವರೂ ಪಕ್ಕದಲ್ಲಿ ಹಾಡು ಹಾಕಿಕೊಂಡು ಕೂತರೆ ಒಳ್ಳೆಯದು.)

ಎಲ್ಲರಿಗೂ ನಮಸ್ಕಾರ. ಇವತ್ತು ನಾವು ಕೇಳುವುದು ಒಂದೇ ಒಂದು ಹಾಡು. ಒಂದು ಹಾಡಿಗೆ ಒಂದು ಗಂಟೆ ಯಾಕೆ ಅಂತ ಕೆಳಗೆ ಬಾಗಿಲಲ್ಲೇ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಈ ಹಾಡನ್ನು ಪೂರ್ತಿ ಕೇಳುವುದಕ್ಕೆ ನನಗೇ ಒಂದು ವರ್ಷ ಹಿಡಿಯಿತು. ಒಂದು ಗಂಟೆ ಕಡಿಮೆಯೇ ಆಯಿತು.

ಅದು 2005. ನಾನು ಆಗ ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿದ್ದೆ. ಸೈಬರ್ ಕೆಫೆಗೆ ಹೋಗಿ ಹಾಡು ಇಳಿಸಿಕೊಂಡು ಬರುವುದು ನಮ್ಮ ಚಟ. ತಪ್ಪು ಅಂತ ಗೊತ್ತಿತ್ತು, ಆದರೂ ಮಾಡುತ್ತಿದ್ದೆವು. ಮಾಮೂಲಿ ಹಾಡು ಮೂರೂವರೆ, ನಾಲ್ಕು ಎಂಬಿ ಇರುತ್ತಿತ್ತು. ಇದು ಎಂಟೂವರೆ ದಾಟಿತ್ತು. ಕೊಟ್ಟ ದುಡ್ಡಿನ ಗಂಟೆ ಮುಗಿಯುತ್ತಾ ಬಂತು, ಜೇಬಿನಲ್ಲಿ ಇನ್ನೊಂದು ಗಂಟೆಗೆ ಕಾಸಿಲ್ಲ. ಎಷ್ಟು ಇಳಿದಿತ್ತೋ ಅಷ್ಟನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಎದ್ದೆ. ರೂಮಿಗೆ ಬಂದು ಹಾಕಿದರೆ ಐದು ನಿಮಿಷ ಚಿಲ್ಲರೆಗೆ ಹಾಡು ನಿಂತಿತು.

ತಮಾಷೆ ಏನೆಂದರೆ, ಅದು ನಿಂತ ಜಾಗ ಎಷ್ಟು ಸರಿಯಾಗಿತ್ತು ಅಂದರೆ ನನಗೆ ಅನುಮಾನವೇ ಬರಲಿಲ್ಲ. 'ಐ ಡೋಂಟ್ ಕೇರ್' ಅಂತ ಒಂದೇ ಸಮನೆ ಕೂಗಿ ಕೂಗಿ, ಧಡಕ್ಕನೆ ಮೌನ. ಪಂಕ್ ಹಾಡು, ಅಂದರೆ ಗದ್ದಲದ ಚುಟುಕು ರಾಕ್ ಹಾಡು, ಮುಗಿಯಬೇಕಾದ್ದೇ ಹೀಗೆ ಅಂತ ಖುಷಿಪಟ್ಟೆ. ಹತ್ತೊಂಬತ್ತು ವರ್ಷದವನಿಗೆ ಇನ್ನೇನು ಬೇಕು? ಮುಂದಿನ ವರ್ಷ ಒಬ್ಬ ಸೀನಿಯರ್ ಹತ್ತಿರ ಆ ಆಲ್ಬಮ್‌ನ ಅಸಲಿ ಸಿಡಿ ಸಿಕ್ಕಿತು. ಹಾಡು ಹಾಕಿದೆ. 'ಐ ಡೋಂಟ್ ಕೇರ್' ಬಂತು, ಮೌನ ಬಂತು. ಸಿಡಿ ತೆಗೆಯೋಣ ಅಂತ ಕೈ ಚಾಚಿದ್ದೆ. ಅಷ್ಟರಲ್ಲಿ ಮೆಲ್ಲಗೆ ಒಂದು ಗಿಟಾರ್ ಶುರುವಾಯಿತು. ಅದೇ ಹುಡುಗನ ದನಿ, ಆದರೆ ಕೂಗುತ್ತಿಲ್ಲ. 'ಕೇಳಿಸ್ತಾ ಇದೆಯಾ?' ಅಂತ ಕೇಳುತ್ತಿದ್ದಾನೆ.

ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಆ ಒಂದು ತಿರುವಿನ ಬಗ್ಗೆಯೇ.

ಹಾಡಿನ ಹೆಸರು 'ಜೀಸಸ್ ಆಫ್ ಸಬರ್ಬಿಯಾ'. ಹಾಡಿದ್ದು ಕ್ಯಾಲಿಫೋರ್ನಿಯಾದ ಗ್ರೀನ್ ಡೇ ಎಂಬ ಮೂವರ ಬ್ಯಾಂಡ್. ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಹಾಡುತ್ತಾನೆ, ಗಿಟಾರ್ ನುಡಿಸುತ್ತಾನೆ. ಮೈಕ್ ಡರ್ನ್ಟ್ ಬೇಸ್ ಗಿಟಾರ್. ಟ್ರೇ ಕೂಲ್ ಡ್ರಮ್ಸ್. 2004ರ ಸೆಪ್ಟೆಂಬರ್‌ನಲ್ಲಿ ಬಂದ 'ಅಮೆರಿಕನ್ ಈಡಿಯಟ್' ಆಲ್ಬಮ್‌ನ ಎರಡನೇ ಹಾಡು ಇದು. ಉದ್ದ 9 ನಿಮಿಷ 8 ಸೆಕೆಂಡ್. ಒಳಗೆ ಐದು ಭಾಗ, ಐದಕ್ಕೂ ಬೇರೆ ಬೇರೆ ಹೆಸರು.

ಒಂಬತ್ತು ನಿಮಿಷ ಅಂದರೆ ನಮಗೆ ಏನೂ ಅನಿಸುವುದಿಲ್ಲ. ಕಛೇರಿಯಲ್ಲಿ ಆಲಾಪನೆಯೇ ಅದಕ್ಕಿಂತ ಜಾಸ್ತಿ ಹೊತ್ತು ನಡೆಯುತ್ತದೆ. ಆದರೆ ಪಂಕ್‌ನಲ್ಲಿ ಒಂಬತ್ತು ನಿಮಿಷ ಅಂದರೆ ಹೆಚ್ಚುಕಡಿಮೆ ದ್ರೋಹ. ಯಾಕೆ ಅಂತ ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1970ರ ದಶಕದ ಮೊದಲ ಅರ್ಧದಲ್ಲಿ ರಾಕ್ ಸಂಗೀತ ಉದ್ದವಾಗುತ್ತಾ ಹೋಯಿತು. 1972ರಲ್ಲಿ ಯೆಸ್ ಎಂಬ ಇಂಗ್ಲಿಷ್ ಬ್ಯಾಂಡ್ ಒಂದೇ ಹಾಡಿನಿಂದ ಎಲ್‌ಪಿ ತಟ್ಟೆಯ ಇಡೀ ಒಂದು ಬದಿಯನ್ನು ತುಂಬಿಸಿತು. ಅದೇ ವರ್ಷ ಜೆಥ್ರೋ ಟಲ್ ಎರಡೂ ಬದಿಗೆ ಸೇರಿ ಒಂದೇ ಹಾಡು ಮಾಡಿತು. ಅದನ್ನೆಲ್ಲ ನುಡಿಸಲು ಒಳ್ಳೇ ಕೈ ಬೇಕು, ದುಬಾರಿ ವಾದ್ಯ ಬೇಕು, ಸ್ಟುಡಿಯೋದಲ್ಲಿ ತಿಂಗಳುಗಟ್ಟಲೆ ಕೂರುವ ದುಡ್ಡು ಬೇಕು. ಪಂಕ್ ಹುಟ್ಟಿದ್ದಕ್ಕೆ ಇದರ ಮೇಲಿನ ಸಿಟ್ಟೂ ಒಂದು ಕಾರಣ. ನ್ಯೂಯಾರ್ಕಿನ ರಮೋನ್ಸ್ 1976ರಲ್ಲಿ ತಮ್ಮ ಮೊದಲ ಆಲ್ಬಮ್ ತಂದಾಗ ಅದರಲ್ಲಿ 14 ಹಾಡು, ಒಟ್ಟು 29 ನಿಮಿಷ. ಅಂದರೆ ಒಂದು ಹಾಡಿಗೆ ಎರಡು ನಿಮಿಷ. ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಗೊತ್ತಿದ್ದರೆ ಸಾಕು, ನೀನೂ ನುಡಿಸಬಹುದು. ಹೇಳುವುದನ್ನು ಹೇಳು, ಹೊರಡು.

ಹಾಗಿರುವಾಗ ಪಂಕ್ ಬ್ಯಾಂಡೊಂದು ಒಂಬತ್ತು ನಿಮಿಷದ, ಐದು ಭಾಗದ ಹಾಡು ಮಾಡಿತು ಅಂದರೆ ಜನಕ್ಕೆ ಎರಡು ಅನುಮಾನ ಬರುತ್ತದೆ. ಒಂದು, ಇವರು ದೊಡ್ಡವರಾದ ಮೇಲೆ ಬದಲಾದರು. ಇನ್ನೊಂದು, ಇದು ಬರೀ ಶೋಕಿ. ಎರಡೂ ಅಲ್ಲ ಅನ್ನುವುದು ನನ್ನ ವಾದ. ಇದು ಎಳೆದು ಉದ್ದ ಮಾಡಿದ ಹಾಡಲ್ಲ. ಐದು ಚಿಕ್ಕ ಪಂಕ್ ಹಾಡುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದ ಹಾಡು. ಒಂದೊಂದೂ ಒಂದರಿಂದ ಎರಡೂವರೆ ನಿಮಿಷ. ರಮೋನ್ಸ್ ಅಳತೆಯೇ.

ಹೀಗೆ ಪೋಣಿಸುವ ಉಪಾಯವೂ ಹೊಸದಲ್ಲ. 1966ರಲ್ಲಿ ಲಂಡನ್ನಿನ ದ ಹೂ ಬ್ಯಾಂಡ್ ಒಂದು ಆಲ್ಬಮ್ ಮಾಡುತ್ತಿತ್ತು. ಕೊನೆಯಲ್ಲಿ ಸುಮಾರು ಹತ್ತು ನಿಮಿಷದ ಜಾಗ ಉಳಿಯಿತು. ರಾಕ್ ಹಾಡು ಮೂರು ನಿಮಿಷದೊಳಗೇ ಇರಬೇಕಲ್ಲ ಅಂದ ಬ್ಯಾಂಡಿನ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್. ಹಾಗಾದರೆ ಚಿಕ್ಕ ಚಿಕ್ಕ ಹಾಡುಗಳನ್ನು ಸೇರಿಸಿ ಒಂದು ಕಥೆ ಮಾಡು ಅಂದ ಮ್ಯಾನೇಜರ್ ಕಿಟ್ ಲ್ಯಾಂಬರ್ಟ್. ಹಾಗೆ ಹುಟ್ಟಿದ್ದು ಒಂಬತ್ತು ನಿಮಿಷದ 'ಎ ಕ್ವಿಕ್ ಒನ್, ವೈಲ್ ಹೀ ಈಸ್ ಅವೇ'. ಕೊನೆಯ ಭಾಗಕ್ಕೆ ಚೆಲ್ಲೋ ವಾದ್ಯ ಬೇಕಿತ್ತು, ಕರೆಸಲು ದುಡ್ಡಿರಲಿಲ್ಲ. ಹಾಗಾಗಿ ಎಲ್ಲರೂ ಸೇರಿ 'ಚೆಲ್ಲೋ ಚೆಲ್ಲೋ ಚೆಲ್ಲೋ' ಅಂತ ಬಾಯಲ್ಲೇ ಹಾಡಿಬಿಟ್ಟರು. ನನಗೆ ಇಡೀ ರಾಕ್ ಚರಿತ್ರೆಯಲ್ಲಿ ಬಹಳ ಇಷ್ಟವಾದ ಜುಗಾಡ್ ಇದು. ಗ್ರೀನ್ ಡೇ ಮುಂದೆ ಆ ಹಾಡನ್ನು ತಾವೂ ಹಾಡಿದರು. ಅಂದರೆ ಮನೆತನ ಯಾವುದು ಅಂತ ಅವರಿಗೇ ಗೊತ್ತಿತ್ತು.

ಗ್ರೀನ್ ಡೇ ಕಥೆಯೂ ಒಂದು ಕೊರತೆಯಿಂದಲೇ ಶುರು. 1994ರ 'ಡೂಕಿ' ಆಲ್ಬಮ್ ಅವರನ್ನು ರಾತ್ರೋರಾತ್ರಿ ಪ್ರಸಿದ್ಧರನ್ನಾಗಿ ಮಾಡಿತ್ತು. ಅಮೆರಿಕದಲ್ಲೇ ಒಂದು ಕೋಟಿಗೂ ಹೆಚ್ಚು ಪ್ರತಿ ಹೋಯಿತು. 2000ದ ಹೊತ್ತಿಗೆ ಆ ಕಾವು ಇಳಿದಿತ್ತು. 2003ರಲ್ಲಿ ಒಂದು ಹೊಸ ಆಲ್ಬಮ್ ಹೆಚ್ಚುಕಡಿಮೆ ಮುಗಿಸಿದ್ದರು, ಅದರ ಮಾಸ್ಟರ್ ಟೇಪುಗಳು, ಅಂದರೆ ಮೂಲ ಧ್ವನಿಮುದ್ರಣಗಳು, ಕಳುವಾದವು. ಅದೇ ಹಾಡುಗಳನ್ನು ಮತ್ತೆ ಹಾಡಿ ರೆಕಾರ್ಡ್ ಮಾಡಬಹುದಿತ್ತು. ಆದರೆ ನಿರ್ಮಾಪಕ ರಾಬ್ ಕವಾಲೋ ಜೊತೆ ಕೂತು ಮಾತಾಡಿದಾಗ, ಕಳೆದುಹೋದದ್ದು ತಮ್ಮ ಅತ್ಯುತ್ತಮ ಕೆಲಸ ಆಗಿರಲಿಲ್ಲ ಅಂತ ಅವರಿಗೇ ಅನಿಸಿತು. ಬಿಟ್ಟರು. ಹೊಸದಾಗಿ ಶುರು ಮಾಡಿದರು.

ಒಂದು ದಿನ ಓಕ್‌ಲ್ಯಾಂಡಿನ ಸ್ಟುಡಿಯೋದಲ್ಲಿ ಮೈಕ್ ಒಬ್ಬನೇ ಇದ್ದ. ಸುಮ್ನೆ ಕೂರುವ ಬದಲು ಮೂವತ್ತು ಸೆಕೆಂಡಿನ ಒಂದು ತುಣುಕು ಹಾಡು ಮಾಡಿಟ್ಟ. ಅದನ್ನು ಕೇಳಿದ ಬಿಲ್ಲಿ ಜೋ, ನಾನೂ ಒಂದು ಮಾಡುತ್ತೇನೆ ಅಂತ ಅದಕ್ಕೆ ಇನ್ನೊಂದು ತುಣುಕು ಅಂಟಿಸಿದ. ಟ್ರೇ ಕೂಲ್ ಇನ್ನೊಂದು. ಹೀಗೆ ಬಾಲ ಬೆಳೆಯುತ್ತಾ ಹೋಯಿತು. ನಾವು ಅಂತ್ಯಾಕ್ಷರಿ ಆಡುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಆ ಆಟದಿಂದ ಹುಟ್ಟಿದ್ದು 'ಹೋಮ್‌ಕಮಿಂಗ್' ಎಂಬ ಇನ್ನೊಂದು ಐದು ಭಾಗದ ಹಾಡು. ಆ ಮೇಲೆ ಅದೇ ರೀತಿಯಲ್ಲಿ ನಮ್ಮ ಇವತ್ತಿನ ಹಾಡು. ಪಕ್ಕದವನನ್ನು ನಗಿಸಲು, ಮೀರಿಸಲು ಆಡಿದ ಆಟ. ಆಡುತ್ತಾ ಆಡುತ್ತಾ ಗಂಭೀರವಾಯಿತು.

ಸರಿ, ಈಗ ಹಾಡಿಗೆ ಬರೋಣ. (ಇಲ್ಲಿ ಮೊದಲ ಎರಡು ನಿಮಿಷ ಕೇಳಿಸಿದೆ.)

ಮುನ್ನುಡಿ ಇಲ್ಲ ನೋಡಿ. ಹುಡುಗ ಬಂದವನೇ ತನ್ನ ಪರಿಚಯ ಹೇಳಿಕೊಳ್ಳುತ್ತಾನೆ. ನಾನು ರೋಷಕ್ಕೂ ಪ್ರೀತಿಗೂ ಹುಟ್ಟಿದ ಮಗ, ಈ ಹೊರಬಡಾವಣೆಯ ಯೇಸು. ಊಟ ಏನಪ್ಪಾ ಅಂದರೆ ಸೋಡಾ ಮತ್ತು ರಿಟಲಿನ್. ರಿಟಲಿನ್ ಅಂದರೆ ಗಮನ ನಿಲ್ಲದ ಮಕ್ಕಳಿಗೆ ಕೊಡುವ ಮಾತ್ರೆ. 1990ರ ದಶಕದಲ್ಲಿ ಅಮೆರಿಕದಲ್ಲಿ ಅದನ್ನು ಮಕ್ಕಳಿಗೆ ಬರೆದುಕೊಡುವುದು ಬಹಳ ಹೆಚ್ಚಾಗಿತ್ತು. ಎರಡೇ ಶಬ್ದದಲ್ಲಿ ಒಂದು ತಲೆಮಾರಿನ ಚಿತ್ರ ಬಂತು. ಮನೆಯಲ್ಲಿ ದೊಡ್ಡವರಿಲ್ಲ, ಹುಡುಗ ಟಿವಿ ಮುಂದೆ ಕೂತಿದ್ದಾನೆ.

ಅಡಿಯಲ್ಲಿ ಗಿಟಾರ್ ಏನು ನುಡಿಸುತ್ತಿದೆ ಅಂತ ಗಮನಿಸಿದಿರಾ? ನಮ್ಮ ಲೆಕ್ಕದಲ್ಲಿ ಸ, ದ, ಮ, ಪ ಈ ನಾಲ್ಕು ಸ್ವರಗಳ ಮೇಲೆ ಕಟ್ಟಿದ ಕಾರ್ಡ್‌ಗಳು. 1950ರ ದಶಕದ ಅಮೆರಿಕನ್ ಪ್ರೇಮಗೀತೆಗಳಲ್ಲಿ ಸಾವಿರ ಸಲ ಬಂದ ಸಾಲು ಇದು. ಹುಡುಗರು ಬೀದಿ ಮೂಲೆಯಲ್ಲಿ ನಿಂತು, ಚಿಟಿಕೆ ಹಾಕುತ್ತಾ, ಹುಡುಗಿಯ ಹೆಸರು ಹೇಳಿ ಹಾಡುತ್ತಿದ್ದ ಹಾಡುಗಳ ಕಾರ್ಡ್. ಅಜ್ಜಿ ಕಾಲದ ಪ್ರೇಮಗೀತೆಯ ಮೇಲೆ ನಿಂತು ಮೊಮ್ಮಗ 'ನಾನು ರೋಷದ ಮಗ' ಅನ್ನುತ್ತಿದ್ದಾನೆ. ಪ್ರೀತಿ ಅನ್ನುವ ಶಬ್ದವೂ ಅದೇ ಸಾಲಿನಲ್ಲಿದೆ, ಮರೆಯಬೇಡಿ. ಗಿಟಾರ್ ಆ ಅರ್ಧವನ್ನು ಹಿಡಿದುಕೊಂಡಿದೆ.

ಈ ಭಾಗದ ಒಂದು ಮಾತನ್ನು ಮಾತ್ರ ತಲೆಯಲ್ಲಿ ಇಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. 'ನನ್ನಲ್ಲೇನೂ ತಪ್ಪಿಲ್ಲ, ನಾನು ಇರಬೇಕಾದ್ದೇ ಹೀಗೆ' ಅನ್ನುತ್ತಾನೆ. ಯಾರೂ ಕೇಳಿಯೇ ಇಲ್ಲ. ಯಾರೂ ಕೇಳದೆ 'ನಾನು ಚೆನ್ನಾಗಿದ್ದೀನಿ' ಅನ್ನುವವರು ಹೇಗಿರುತ್ತಾರೆ ಅಂತ ನಿಮಗೆ ಗೊತ್ತೇ ಇದೆ.

ಎರಡನೇ ಭಾಗ 'ಸಿಟಿ ಆಫ್ ದ ಡ್ಯಾಮ್ಡ್', ಶಾಪಗ್ರಸ್ತರ ಊರು. ಗಿಟಾರ್ ಗಲಾಟೆ ತಟ್ಟನೆ ಹಿಂದೆ ಸರಿಯುತ್ತದೆ, ಪಿಯಾನೋ ಬರುತ್ತದೆ. ಹುಡುಗ ಮನೆಯಿಂದ ಹೊರಗೆ ಬಂದಿದ್ದಾನೆ. ಎಲ್ಲಿಗೆ? 7-ಇಲೆವೆನ್ ಅಂಗಡಿಯ ಪಾರ್ಕಿಂಗ್ ಜಾಗಕ್ಕೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹಾಡಿನ ಹೆಸರಲ್ಲೇ ಇರುವ 'ಸಬರ್ಬ್' ಅನ್ನುವ ಶಬ್ದವನ್ನು ನಾವು 'ಬಡಾವಣೆ' ಅಂದುಬಿಟ್ಟರೆ ಅರ್ಥ ತಪ್ಪುತ್ತದೆ. ನಮ್ಮ ಬಡಾವಣೆಯಲ್ಲಿ ಮೂಲೆಗೊಂದು ಚಹಾದಂಗಡಿ, ದರ್ಶಿನಿ, ದೇವಸ್ಥಾನದ ಕಟ್ಟೆ, ತಳ್ಳುಗಾಡಿ. ಬೇಡ ಅಂದರೂ ಯಾರಾದರೂ ಸಿಕ್ಕಿ ಮಾತಾಡಿಸುತ್ತಾರೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಬೆಳೆದದ್ದು ಬೇರೆಯೇ ಬಗೆ. ನ್ಯೂಯಾರ್ಕ್ ಹತ್ತಿರದ ಲೆವಿಟೌನ್‌ನಲ್ಲಿ 1947ರಿಂದ ನಾಲ್ಕೈದು ವರ್ಷದಲ್ಲಿ 17 ಸಾವಿರಕ್ಕೂ ಹೆಚ್ಚು ಮನೆ ಕಟ್ಟಿದರು, ಎಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಆ ಮಾದರಿ ದೇಶದ ತುಂಬಾ ಹಬ್ಬಿತು. ಮನೆ, ಹುಲ್ಲುಹಾಸು, ರಸ್ತೆ. ಮತ್ತೆ ಮನೆ, ಹುಲ್ಲುಹಾಸು, ರಸ್ತೆ. ಕಾರಿಲ್ಲದ ಹದಿನಾರರ ಹುಡುಗನಿಗೆ ಹೋಗಲು ಜಾಗವೇ ಇಲ್ಲ. ರಾತ್ರಿ ದೀಪ ಉರಿಯುವುದು, ಯಾರೂ ಎಬ್ಬಿಸಿ ಕಳಿಸದೆ ನಿಂತಿರಬಹುದಾದದ್ದು ಆ ಅಂಗಡಿಯ ಮುಂದಿನ ಪಾರ್ಕಿಂಗ್ ಒಂದೇ.

ಬಿಲ್ಲಿ ಜೋ ಬೆಳೆದದ್ದು ರೋಡಿಯೋ ಎಂಬ ಚಿಕ್ಕ ಊರಿನಲ್ಲಿ. ತೈಲ ಸಂಸ್ಕರಣಾಗಾರದ ಪಕ್ಕದ ಊರು. ಆರು ಮಕ್ಕಳಲ್ಲಿ ಕೊನೆಯವನು. ಅಪ್ಪ ಲಾರಿ ಓಡಿಸುತ್ತಿದ್ದರು, ಜಾಜ್ ನುಡಿಸುತ್ತಿದ್ದರು. ಮಗನಿಗೆ ಹತ್ತು ವರ್ಷವಾಗಿದ್ದಾಗ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಮ್ಮ ಹೋಟೆಲಿನಲ್ಲಿ ಊಟ ಬಡಿಸುವ ಕೆಲಸ ಮಾಡುತ್ತಿದ್ದರು. ಹಾಗಂತ ಈ ಹಾಡಿನ ಹುಡುಗನೇ ಬಿಲ್ಲಿ ಜೋ ಅಂತ ನಾನು ಹೇಳುತ್ತಿಲ್ಲ. ಅವನು ಕಟ್ಟಿದ ಪಾತ್ರ ಇದು. ಆದರೆ ಆ ಪಾರ್ಕಿಂಗ್ ಜಾಗ ಹೇಗಿರುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆ ಅಂಗಡಿ ಮುಂದೆ ನಿಂತು ಹುಡುಗ ಒಂದು ಗಾದೆ ನೆನೆಸಿಕೊಳ್ಳುತ್ತಾನೆ. ಮನಸ್ಸೆಲ್ಲಿದೆಯೋ ಅದೇ ಮನೆ ಅಂತ. ನಮ್ಮಲ್ಲಿ 'ಮನೆಯೇ ಮಂತ್ರಾಲಯ' ಅಂತ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದಿಲ್ಲವೇ, ಆ ಥರದ್ದು. ಅದು ಸುಳ್ಳು ಅನ್ನುತ್ತಾನೆ. ಎಲ್ಲರ ಎದೆಯೂ ಒಂದೇ ತಾಳಕ್ಕೆ ಬಡಿಯುವುದಿಲ್ಲ ಅನ್ನುತ್ತಾನೆ. ಶೌಚಾಲಯದ ಗೋಡೆಯ ಮೇಲಿನ ಗೀಚುಬರಹವನ್ನು ಶಾಪಿಂಗ್ ಮಾಲ್‌ನ ಧರ್ಮಗ್ರಂಥ ಅನ್ನುವ ಹಾಗೆ ಓದುತ್ತಾನೆ. ಅದರಿಂದ ಅವನಿಗೆ ಗೊತ್ತಾಗುವುದು ಇಷ್ಟೇ: ಭೂಮಿಯ ನಡುಮಧ್ಯವೇ ಲೋಕದ ಕೊನೆ. ಎಷ್ಟು ಸಲ ಓದಿದರೂ ಈ ಸಾಲು ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಆ ವಯಸ್ಸಿನಲ್ಲಿ ನಮ್ಮೂರೇ ಜಗತ್ತು, ಅದರಾಚೆ ಏನೂ ಇಲ್ಲ. ಎರಡೂ ಒಟ್ಟಿಗೇ ನಿಜ.

ಈಗ ಒಂದು ಶಬ್ದದ ಬೆನ್ನು ಹತ್ತೋಣ. 'ಕೇರ್' ಅನ್ನುವ ಶಬ್ದ. ಕನ್ನಡದಲ್ಲೂ ಅದು ಬಂದು ಕೂತಿದೆ. 'ಅವನು ಡೋಂಟ್ ಕೇರ್ ಸ್ವಾಮಿ' ಅನ್ನುತ್ತೇವಲ್ಲ. ಎರಡನೇ ಭಾಗದಲ್ಲಿ ಕೊಳೆ ಮುಖದ ದಿಕ್ಕೆಟ್ಟ ಮಕ್ಕಳನ್ನು ತೋರಿಸಿ ಹುಡುಗ ಹೇಳುತ್ತಾನೆ, ಯಾರೂ ಕೇರ್ ಮಾಡುವ ಹಾಗೆ ಕಾಣುತ್ತಿಲ್ಲ ಅಂತ. ಇದು ದೂರು. ಅದರ ಬೆನ್ನಿಗೇ ಮೂರನೇ ಭಾಗ, 'ಐ ಡೋಂಟ್ ಕೇರ್'. ಡ್ರಮ್ ಓಟ ಕಿತ್ತಿತು, ಎಲ್ಲರೂ ಸೇರಿ ಕೂಗುತ್ತಿದ್ದಾರೆ. ಒಂದು ವರ್ಷ ನಾನು ಕೇಳಿದ್ದು ಆ ಮೂರು ಶಬ್ದ ಮಾತ್ರ. ಪೂರ್ತಿ ಸಾಲು ಅದಲ್ಲ. ನೀನು ಕೇರ್ ಮಾಡದಿದ್ದರೆ ನಾನೂ ಮಾಡಲ್ಲ ಅಂತ ಇದೆ. ಆ 'ದಿದ್ದರೆ' ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಇದು ವೈರಾಗ್ಯ ಅಲ್ಲ, ಉಡಾಫೆಯೂ ಅಲ್ಲ. ಮಕ್ಕಳು ಠೂ ಬಿಡುತ್ತಾರಲ್ಲ, ಅದು. 'ನಿಂಗೆ ಬೇಡ್ವಾ? ನಂಗೂ ಬೇಡ, ಹೋಗು.' ಹಾಗೆ ಅಂದ ಮಗು ಗೋಡೆ ಕಡೆ ಮುಖ ತಿರುಗಿಸಿ ಕೂತು, ನೀವು ಬರುತ್ತೀರೋ ಇಲ್ಲವೋ ಅಂತ ಕಿವಿಯೆಲ್ಲ ಇತ್ತ ಕಡೆಯೇ ಇಟ್ಟಿರುತ್ತದೆ.

ಮೂರನೇ ಭಾಗದಲ್ಲಿ ಇನ್ನೊಂದು ಸಂಗತಿ. ಅಲ್ಲಿಯವರೆಗೆ 'ನಾನು' ಅನ್ನುತ್ತಿದ್ದವನು 'ನಾವು' ಅನ್ನುತ್ತಾನೆ. ಅನಹೈಮ್‌ನಿಂದ ಮಧ್ಯಪ್ರಾಚ್ಯದವರೆಗಿನ ಮಕ್ಕಳು ನಾವು ಅನ್ನುತ್ತಾನೆ. ಅನಹೈಮ್ ಡಿಸ್ನಿಲ್ಯಾಂಡ್ ಇರುವ ಊರು. ಅಮೆರಿಕ ಇರಾಕ್ ಮೇಲೆ ದಾಳಿ ಮಾಡಿದ್ದು 2003ರ ಮಾರ್ಚ್‌ನಲ್ಲಿ. ಆಟದ ಊರಿನಲ್ಲಿ ಬೆಳೆದ ಹುಡುಗರನ್ನೇ ಸೈನ್ಯಕ್ಕೆ ಸೇರಿಸಿ ಅಲ್ಲಿಗೆ ಕಳಿಸುತ್ತಿದ್ದ ಕಾಲ. ಈ ಆಲ್ಬಮ್ ಅನ್ನು ಜನ ಯುದ್ಧವಿರೋಧಿ ಆಲ್ಬಮ್ ಅನ್ನುತ್ತಾರೆ. ಅದು ನಿಜ. ಆದರೆ ಈ ಒಂಬತ್ತು ನಿಮಿಷದಲ್ಲಿ ಯುದ್ಧ ಇಣುಕುವುದು ಹೆಚ್ಚುಕಡಿಮೆ ಆ ಒಂದು ಸಾಲಿನಲ್ಲಿ ಮಾತ್ರ. ಭಾಷಣ ಇಲ್ಲ. ನನಗೆ ಅದೇ ಜಾಸ್ತಿ ಇಷ್ಟ.

(ಇಲ್ಲಿ ಹಾಡನ್ನು 'ಐ ಡೋಂಟ್ ಕೇರ್' ಮುಗಿಯುವ ಜಾಗದಲ್ಲಿ ನಿಲ್ಲಿಸಿದೆ. ಸುಮಾರು 5 ನಿಮಿಷ 25 ಸೆಕೆಂಡ್. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು 'ಮುಗೀತಾ?' ಅಂದರು. ನಾನು ಕಾಯುತ್ತಿದ್ದದ್ದೇ ಆ ಪ್ರಶ್ನೆಗೆ.)

ನನ್ನ ಪೆನ್‌ಡ್ರೈವ್ ಪ್ರಕಾರ ಮುಗಿಯಿತು. ಈಗ ಮುಂದಿನ ಒಂದು ನಿಮಿಷ ಕೇಳಿ.

ನಾಲ್ಕನೇ ಭಾಗ, 'ಡಿಯರ್ಲಿ ಬಿಲವ್ಡ್'. ಐದರಲ್ಲಿ ಇದೇ ಚಿಕ್ಕದು, ಒಂದು ನಿಮಿಷ ಚಿಲ್ಲರೆ. ಹಗುರವಾದ ಗಿಟಾರ್, ಜೋಗುಳಕ್ಕೆ ಹತ್ತಿರದ ಧಾಟಿ. ಕೇಳಿಸ್ತಾ ಇದೆಯಾ ಅಂತ ಕೇಳುತ್ತಾನೆ. ನೀವು ಹೇಳಿದ್ದು ಒಂದಕ್ಷರವೂ ನೆನಪಿಲ್ಲ ಅನ್ನುತ್ತಾನೆ. ನಮಗೆಲ್ಲ ತಲೆ ಕೆಟ್ಟಿದೆಯಾ, ಅಥವಾ ನನಗೊಬ್ಬನಿಗೇನಾ ಅನ್ನುತ್ತಾನೆ. ಮೊದಲ ಭಾಗದಲ್ಲಿ 'ನನ್ನಲ್ಲೇನೂ ತಪ್ಪಿಲ್ಲ' ಅಂದಿದ್ದವನು ಇವನೇ. ಈಗಷ್ಟೇ ಯಾರೂ ಬೇಡ ಅಂತ ಕೂಗಿದವನೂ ಇವನೇ. ಯಾರೂ ಬೇಡವಾದವನು ಕೇಳಿಸ್ತಾ ಇದೆಯಾ ಅಂತ ಯಾಕೆ ಕೇಳುತ್ತಾನೆ?

ಆ ಎರಡು ಭಾಗದ ನಡುವೆ ಹಾಡು ಏನೂ ವಿವರಿಸುವುದಿಲ್ಲ. ಹುಡುಗ ಹೇಗೆ ತಣ್ಣಗಾದ, ಯಾಕೆ ತಣ್ಣಗಾದ, ಯಾವ ಮಾತೂ ಇಲ್ಲ. ಬರೀ ಒಂದು ಸಂದು. ಒಂದೇ ಉದ್ದದ ಹಾಡಾಗಿದ್ದರೆ ಮೆಲ್ಲಗೆ ಶ್ರುತಿ ಇಳಿಸಿ, ವೇಗ ಇಳಿಸಿ, ನಮ್ಮನ್ನು ಕೈಹಿಡಿದು ಕರೆದುಕೊಂಡು ಹೋಗುತ್ತಿತ್ತು. ಇದು ಹಾಗೆ ಮಾಡುವುದಿಲ್ಲ. ಹುಡುಗರ ಮನಸ್ಸೂ ಹಾಗೆ ಮಾಡುವುದಿಲ್ಲ, ಅಲ್ವಾ? ಬಾಗಿಲು ಬಡಿದು ಒಳಗೆ ಹೋದವನು ಹತ್ತು ನಿಮಿಷಕ್ಕೆ ಏನೂ ಆಗದವನಂತೆ ಬಂದು ಊಟಕ್ಕೆ ಕೂರುತ್ತಾನೆ. ನಡುವೆ ಒಳಗೆ ಏನಾಯಿತು ಅಂತ ನಾವು ಊಹಿಸಬೇಕು. ಐದು ಭಾಗ ಯಾಕೆ ಬೇಕಿತ್ತು ಅನ್ನುವುದಕ್ಕೆ ನನ್ನ ಉತ್ತರ ಆ ಸಂದುಗಳೇ.

ಆ ಭಾಗದ ಹೆಸರಿನ ಬಗ್ಗೆಯೂ ಒಂದು ಮಾತು. 'ಡಿಯರ್ಲಿ ಬಿಲವ್ಡ್', ಅಂದರೆ ಪ್ರೀತಿಪಾತ್ರರೇ ಅನ್ನುವುದು ಇಂಗ್ಲಿಷ್ ಚರ್ಚುಗಳಲ್ಲಿ ಮದುವೆಯ ಶುರುವಿಗೆ ಪಾದ್ರಿ ನೆರೆದವರನ್ನು ಕರೆಯುವ ಮಾತು. ಹಾಡಿನ ಹೆಸರಲ್ಲಿ ಯೇಸು, ಎರಡನೇ ಭಾಗದಲ್ಲಿ ಶಾಪಗ್ರಸ್ತರು ಮತ್ತು ಧರ್ಮಗ್ರಂಥ, ಮೂರರಲ್ಲಿ ಶಿಷ್ಯರು, ಇಲ್ಲಿ ಪಾದ್ರಿಯ ಕರೆ. ಹುಡುಗ ನಂಬಿಕೆ ಕಳೆದುಕೊಂಡೆ ಅನ್ನುತ್ತಾನೆ, ಆದರೆ ಅವನ ಹತ್ತಿರ ಇರುವ ದೊಡ್ಡ ಮಾತುಗಳೆಲ್ಲ ಚರ್ಚಿನಿಂದ ಬಂದವು. ತನ್ನ ಪಾಪಗಳಿಗಾಗಿ ಯಾರೂ ಪ್ರಾಣ ಬಿಟ್ಟಿಲ್ಲ ಅಂತ ಮೊದಲೇ ಹೇಳಿಬಿಡುತ್ತಾನೆ. ಯಾರನ್ನೂ ಉದ್ಧಾರ ಮಾಡದ ಯೇಸು ಇವನು. ತನ್ನನ್ನೇ ಉದ್ಧಾರ ಮಾಡಿಕೊಳ್ಳಲು ಬಾರದವನು. ಇದನ್ನು ಕೇಳಿ ಕೆಲವರಿಗೆ ಬೇಸರವಾಗಬಹುದು, ಗೌರವಿಸುತ್ತೇನೆ. ನನಗೆ ಇಲ್ಲಿ ಕಾಣುವುದು ಗೇಲಿಗಿಂತ ಹೆಚ್ಚಾಗಿ ಹಂಬಲ. ಸಭೆಯೇ ಇಲ್ಲದ ಚರ್ಚಿನಲ್ಲಿ ನಿಂತು 'ಪ್ರೀತಿಪಾತ್ರರೇ' ಅಂತ ಕರೆಯುತ್ತಿದ್ದಾನೆ.

ಐದನೇ ಭಾಗ 'ಟೇಲ್ಸ್ ಆಫ್ ಅನದರ್ ಬ್ರೋಕನ್ ಹೋಮ್', ಮುರಿದ ಇನ್ನೊಂದು ಮನೆಯ ಕಥೆಗಳು. 'ಇನ್ನೊಂದು' ಅನ್ನುವುದನ್ನು ನೋಡಿ. ನನ್ನ ಮನೆ ಅಂತಿಲ್ಲ. ಇಂಥ ಎಷ್ಟೋ ಮನೆಗಳಲ್ಲಿ ಇದೂ ಒಂದು. ಮತ್ತೆ ಎಲ್ಲ ವಾದ್ಯಗಳೂ ಬರುತ್ತವೆ, ಆದರೆ ಮೂರನೇ ಭಾಗದ ಗಡಿಬಿಡಿ ಇಲ್ಲ. ಹುಡುಗ ತೀರ್ಮಾನ ಮಾಡಿದ್ದಾನೆ. ಸುಳ್ಳಿನ ಈ ಬಿರುಗಾಳಿಯನ್ನು ಬಿಟ್ಟು ಹೊರಟೆ ಅನ್ನುತ್ತಾನೆ. ಲಕ್ಷಾಂತರ ಸಲ ಈ ಗೆರೆಯ ಮೇಲೆ ನಡೆದಿದ್ದೇನೆ, ಈ ಸಲ ಹಾಗಲ್ಲ ಅನ್ನುತ್ತಾನೆ. ಮೂರನೇ ಭಾಗದಲ್ಲಿ ಅಷ್ಟೆಲ್ಲ ಕೂಗಿದರೂ ಅವನು ಆ ಪಾರ್ಕಿಂಗ್ ಜಾಗ ಬಿಟ್ಟು ಕದಲಿರಲಿಲ್ಲ. ನಿಜವಾಗಿ ಡೋಂಟ್ ಕೇರ್ ಆಗಿದ್ದರೆ ಇಲ್ಲೇ ಇರುತ್ತಿದ್ದ, ಇಲ್ಲೇ ಕೊಳೆಯುತ್ತಿದ್ದ. ಅವನನ್ನು ಎಬ್ಬಿಸಿದ್ದು ನಾಲ್ಕನೇ ಭಾಗದ ಆ ಪುಟ್ಟ ಪ್ರಶ್ನೆ ಅಂತ ನಾನು ಅಂದುಕೊಂಡಿದ್ದೇನೆ.

ಹೊರಟು ಏನು ಸಾಧಿಸಿದ ಅಂತ ಕೇಳಬೇಡಿ. ಆಲ್ಬಮ್‌ನ ಉಳಿದ ಕಥೆಯಲ್ಲಿ ಅವನು ನಗರಕ್ಕೆ ಹೋಗುತ್ತಾನೆ, ಸೇಂಟ್ ಜಿಮ್ಮಿ ಎಂಬ ಪುಂಡನ ಸಹವಾಸಕ್ಕೆ ಬೀಳುತ್ತಾನೆ, ಒಂದು ಹುಡುಗಿಯನ್ನು ಪ್ರೀತಿಸಿ ಕಳೆದುಕೊಳ್ಳುತ್ತಾನೆ. ಕೊನೆಯ ಹಾಡಿನ ಹೊತ್ತಿಗೆ ಅವಳ ಹೆಸರೂ ನೆನಪಿಲ್ಲ. 13 ಹಾಡುಗಳಲ್ಲಿ ಎರಡನೆಯದು ಮನೆ ಬಿಡುವ ಈ ಹಾಡು. ಕೊನೆಯಿಂದ ಎರಡನೆಯದು 'ಹೋಮ್‌ಕಮಿಂಗ್', ಮನೆಗೆ ಮರಳುವ ಹಾಡು. ಎರಡಕ್ಕೂ ಐದೈದು ಭಾಗ, ಎರಡೂ ಒಂಬತ್ತು ನಿಮಿಷ ಚಿಲ್ಲರೆ. ಹೋಗುವ ದಾರಿಯೂ ಬರುವ ದಾರಿಯೂ ಒಂದೇ ಉದ್ದ.

ಈ ಹಾಡು ಮುಂದೆ ಎಲ್ಲೆಲ್ಲಿಗೋ ಹೋಯಿತು. ನಿರ್ದೇಶಕ ಸ್ಯಾಮ್ಯುಯೆಲ್ ಬೇಯರ್ 2005ರಲ್ಲಿ ಇದಕ್ಕೆ ಒಂದು ಕಿರುಚಿತ್ರದಂಥ ವಿಡಿಯೋ ಮಾಡಿದ. ಇಡೀ ಆಲ್ಬಮ್ ನಾಟಕವಾಗಿ 2010ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿ ಹತ್ತಿತು. ಬ್ಯಾಂಡ್ 2025ರ ಮಾರ್ಚ್‌ನಲ್ಲಿ ಮುಂಬೈಗೂ ಬಂದಿತ್ತು. ನಾನು ಹೋಗಲಿಲ್ಲ. ಟಿಕೆಟ್ ಬೆಲೆ ನೋಡಿ ಸೈಬರ್ ಕೆಫೆಯ ದಿನ ನೆನಪಾಯಿತು.

ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಬಂದವು. ಮೊದಲನೆಯದು ಒಬ್ಬ ಕಾಲೇಜು ಹುಡುಗನದು. 'ಸರ್, ಇಷ್ಟು ದೊಡ್ಡ ಕಂಪನಿಗೆ ಹಾಡುವವರನ್ನ ಪಂಕ್ ಅನ್ನಬಹುದಾ?' ಅಂದ. ಈ ಪ್ರಶ್ನೆ ಹುಟ್ಟಿದ ಜಾಗವೇ ಇದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 924 ಗಿಲ್ಮನ್ ಅಂತ ಒಂದು ಸಭಾಂಗಣ. 1986ರ ಕೊನೆಯ ದಿನ ಶುರುವಾಗಿದ್ದು. ಸದಸ್ಯರೇ ನಡೆಸುವ ಜಾಗ. ದೊಡ್ಡ ರೆಕಾರ್ಡ್ ಕಂಪನಿಗೆ ಸೇರಿದ ಬ್ಯಾಂಡ್ ಅಲ್ಲಿ ನುಡಿಸುವಂತಿಲ್ಲ ಅನ್ನುವುದು ಆಗಿನ ನಿಯಮ. ಗ್ರೀನ್ ಡೇ ಬೆಳೆದದ್ದೇ ಅಲ್ಲಿ. 1993ರಲ್ಲಿ ರಿಪ್ರೈಸ್ ಎಂಬ ಅಂಥ ಕಂಪನಿಗೆ ಸಹಿ ಹಾಕಿದ ಮೇಲೆ ಆ ಬಾಗಿಲು ಮುಚ್ಚಿತು. 2015ರಲ್ಲಿ ಒಂದು ಸಹಾಯಾರ್ಥ ಕಾರ್ಯಕ್ರಮಕ್ಕೆ ಮತ್ತೆ ಅಲ್ಲಿ ನುಡಿಸಿದರು. ಇದನ್ನು ತಿಳಿದುಕೊಂಡು 'ಹೋಮ್' ಅನ್ನುವ ಶಬ್ದ ಈ ಆಲ್ಬಮ್‌ನಲ್ಲಿ ಬಂದಾಗಲೆಲ್ಲ ಕೇಳಿ ನೋಡು ಅಂದೆ. ಹುಡುಗನಿಗೆ ಸಮಾಧಾನ ಆದಂತೆ ಕಾಣಲಿಲ್ಲ. ಆಗಬೇಕಾಗಿಯೂ ಇಲ್ಲ.

ಎರಡನೆಯದು ಪ್ರಶ್ನೆ ಅಲ್ಲ. ಕೊನೆಗೆ ಒಂದು ಸಲ ಹಾಡನ್ನು ನಿಲ್ಲಿಸದೆ ಪೂರ್ತಿ ಹಾಕಿದ್ದೆ. ಕೊನೆಯ ಭಾಗದಲ್ಲಿ ಗಲಾಟೆಯೆಲ್ಲ ನಿಂತು ಪಿಯಾನೋ ಜೊತೆ ಮೆಲುದನಿಯಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ. ಹೊರಟೆ, ಹೊರಟೆ, ಮನೆ ಬಿಟ್ಟು ಹೊರಟೆ ಅಂತ. 'ಇಲ್ಲಿಯವರೆಗೆ ನಾನು ನಾನು ಅಂತಿದ್ದ ಹಾಡು ಇಲ್ಲಿ ನೀನು ಅನ್ನುತ್ತೆ. ನೀನು ಮನೆ ಬಿಟ್ಟು ಹೊರಟೆ ಅಂತ. ಹಾಡುವವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದಾನೆ' ಅಂದೆ. ಅಷ್ಟೊತ್ತೂ ಸುಮ್ಮನೆ ಕೂತಿದ್ದ, ಮೊಮ್ಮಗನ ಜೊತೆ ಬಂದಿದ್ದ ಒಬ್ಬ ಅಜ್ಜಿ ತಲೆ ಅಲ್ಲಾಡಿಸಿದರು.

'ಅದು ಅವನಲ್ಲ ಕಣಪ್ಪಾ. ಅವರಮ್ಮ.'

ಇಪ್ಪತ್ತು ವರ್ಷದಿಂದ ಈ ಹಾಡು ಕೇಳುತ್ತಿದ್ದೇನೆ, ಹಾಗೆ ಕೇಳಿರಲಿಲ್ಲ. ಗ್ರಂಥಾಲಯದವರು ಬೀಗ ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದರು. ಎರಡು ನಿಮಿಷ ಕೊಡಿ ಅಂತ ಕೇಳಿ, ಎಂಟನೇ ನಿಮಿಷದಿಂದ ಇನ್ನೊಂದು ಸಲ ಹಾಕಿದೆ.